ಚಿತ್ರತುರಗ

ಮಳೆ ಹಿಡಿದ ಒಂದು ಸಂಜೆ. ನಡುಮನೆಯಲ್ಲಿ ಟೆಲಿವಿಷನ್ನಿನ ಮುಂದೆ ಹನ್ನೆರಡು ವರ್ಷದ ಹುಡುಗನೊಬ್ಬನು ಕಂಟ್ರೋಲರನ್ನು ಎರಡು ಕೈಗಳಲ್ಲಿಯೂ ಬಿಗಿಹಿಡಿದು ಕುಳಿತಿದ್ದನು. ತೆರೆಯ ಮೇಲೆ ಒಂದು ಕರಿಯ ಕುದುರೆ. ಅದರ ಬೆನ್ನ ಮೇಲೆ ಒಬ್ಬ ತರುಣ. ಮುಂದೆ ಆಳವಾದ ಕಂದರಕ್ಕೆ ಅಡ್ಡಲಾಗಿ ಹಳೆಯದೊಂದು ಸೇತುವೆ. ಕುದುರೆ ಸೇತುವೆಯ ಮೇಲೆ ಓಡುತ್ತಿರುವಾಗ ಕಲ್ಲುಗಳು ಕಳಚತೊಡಗಿದವು. ಆಚೆಯ ದಡ ಇನ್ನೇನು ಬಂದಿತು ಎನ್ನುವಷ್ಟರಲ್ಲಿ ಕಾಲ ಕೆಳಗಿನ ಆಧಾರವೇ ಕುಸಿಯಿತು. ಕುದುರೆ ಮೈಯನ್ನೆತ್ತಿ ಒದರಿ ಸವಾರನನ್ನು ದಡಕ್ಕೆ ಎಸೆದು, ತಾನು ಕಲ್ಲುಗಳೊಡನೆ ಕೆಳಗಿನ ಹೊಳೆಗೆ ಬಿದ್ದುಹೋಯಿತು. ಹುಡುಗನು ಕಂಟ್ರೋಲರನ್ನು ಚಾಪೆಯ ಮೇಲಿಟ್ಟನು. ಏನೂ ಮಾತಾಡದೆ ಕಿಟಕಿಯ ಬಳಿಗೆ ಹೋಗಿ ಬೆನ್ನು ತಿರುಗಿಸಿ ನಿಂತನು. ಸ್ವಲ್ಪ ಹೊತ್ತಿನ ಮೇಲೆ ಅವನ ಭುಜಗಳು ಅಲುಗುತ್ತಿರುವುದು ಮನೆಯವರಿಗೆ ಕಂಡಿತು.

"ಅಯ್ಯೋ, ಅದು ಬರೀ ಚಿತ್ರ ಕಣೋ!" ಎಂದು ತಂದೆ ನಕ್ಕರು. "ಅದೂ ಹಳೇ ಚಿತ್ರ. ಹೊಸದಾಗಿ ಮಾಡಿರೋದರಲ್ಲಿ ಕುದುರೆಯ ಕೂದಲು ಎಳೆ ಎಳೆಯಾಗಿ ಕಾಣುತ್ತೆ. ಅದನ್ನ ನೋಡಿ ಅತ್ತಿದ್ದರೆ ಒಂದು ಮಾತಾಗಿತ್ತು."

ಮೂಲೆಯಲ್ಲಿ ಹೂ ಕಟ್ಟುತ್ತ ಕುಳಿತಿದ್ದ ಅಜ್ಜಿ ತಲೆಯೆತ್ತಿದರು. "ಆ ಕುದುರೆಗೆ ಹೆಸರೇನೋ, ಮಗು?"

"ಅಗ್ರೋ, ಅಜ್ಜಿ."

ಅಜ್ಜಿ ಆ ಹೆಸರನ್ನು ತಮ್ಮಷ್ಟಕ್ಕೆ ಒಂದು ಸಲ ಹೇಳಿಕೊಂಡರು. ಆಮೇಲೆ ಮಗನ ಕಡೆಗೆ ತಿರುಗಿ, "ಜಾತ್ರೆಯಲ್ಲಿ ಕೀಲುಕುದುರೆಯವನು ಕುಣಿತ ಮುಗಿಸಿ ಕುದುರೆಯನ್ನ ಸೊಂಟದಿಂದ ಕಳಚಿ ಗಾಡಿಗೆ ಹಾಕಿದಾಗ, ಕುದುರೆ ಸತ್ತುಹೋಯಿತು ಅಂತ ಊಟ ಬಿಟ್ಟು ಅತ್ತವನು ಯಾರಪ್ಪ?" ಎಂದು ಕೇಳಿದರು. ತಂದೆಯ ನಗು ನಿಂತಿತು.

ಈ ಸಣ್ಣ ಪ್ರಸಂಗದಲ್ಲಿ ಅಡಗಿರುವ ಪ್ರಶ್ನೆ ಸಣ್ಣದಲ್ಲ. ಕೀಲುಕುದುರೆ ಎಂಬುದು ಬಿದಿರಿನ ಚೌಕಟ್ಟಿಗೆ ಬಟ್ಟೆ ಹೊದಿಸಿ ಬಣ್ಣ ಬಳಿದ ಒಂದು ವಸ್ತು; ಕುಣಿಯುವವನ ಕಾಲುಗಳು ಕೆಳಗೆ ಕಾಣುತ್ತಲೇ ಇರುತ್ತವೆ. ಅದನ್ನು ಕಂಡು ಅತ್ತ ಬಾಲಕನೇ ದೊಡ್ಡವನಾಗಿ, ಕೂದಲು ಎಳೆ ಎಳೆಯಾಗಿ ಕಾಣದ ಕುದುರೆಗಾಗಿ ಅಳುವುದು ಅವಿವೇಕವೆಂದು ಮಗನಿಗೆ ಬೋಧಿಸುತ್ತಾನೆ. ನಡುವೆ ಕಳೆದುಹೋದದ್ದು ಏನು?

"ಅದು ಚಿತ್ರ" ಎಂಬ ಸಮಾಧಾನವಾದರೋ ಬಹು ಹಳೆಯದು. ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ಲಕ್ಷ್ಮಣನು ತಮ್ಮ ವನವಾಸದ ಚಿತ್ರಗಳನ್ನು ತೋರಿಸುತ್ತ ಬರುವಾಗ, ಶೂರ್ಪಣಖಿಯ ಚಿತ್ರವನ್ನು ಕಂಡು ಸೀತೆ ಬೆದರುತ್ತಾಳೆ. ಇದು ಬರಿಯ ಚಿತ್ರವೆಂದು ರಾಮನು ಸಂತೈಸುತ್ತಾನೆ. ಚಿತ್ರದಲ್ಲಿ ಕಂಡು ಬೆದರಿದ ವಿಯೋಗವೇ ಆ ಅಂಕ ಮುಗಿಯುವುದರೊಳಗಾಗಿ ನಿಜವಾಗಿ ಬಂದೊದಗುವುದೆಂಬುದನ್ನು ಬಲ್ಲ ಪ್ರೇಕ್ಷಕನಿಗೆ, ಆ ಸಮಾಧಾನದ ಮಾತು ಎಷ್ಟು ಟೊಳ್ಳಾಗಿ ಕೇಳಿಸುತ್ತದೆ! ಶಾಕುಂತಲದ ಆರನೆಯ ಅಂಕದಲ್ಲಿ ಇದಕ್ಕಿಂತಲೂ ಸೂಕ್ಷ್ಮವಾದ ಸಂಗತಿ ನಡೆಯುತ್ತದೆ. ದುಷ್ಯಂತನು ತಾನೇ ಬರೆದ ಶಕುಂತಲೆಯ ಚಿತ್ರವನ್ನು ನೋಡುತ್ತ, ಅವಳ ಮುಖಕ್ಕೆ ಎರಗುವಂತೆ ಬರೆದಿರುವ ದುಂಬಿಯನ್ನು ಗದರಿಸತೊಡಗುತ್ತಾನೆ. ವಿದೂಷಕನು ಇದು ಚಿತ್ರವೆಂದು ನೆನಪು ಮಾಡಿಕೊಡುತ್ತಾನೆ. ಅಷ್ಟೆ, ಎದುರಿಗಿದ್ದ ಪ್ರಿಯೆ ಮತ್ತೆ ಹಲಗೆಯಾಗಿಬಿಡುತ್ತಾಳೆ, ರಾಜನು ಅಳುತ್ತಾನೆ. ಮನೆಮನೆಯಲ್ಲಿಯೂ ಇಂದು ಮಕ್ಕಳ ಬೆನ್ನ ಹಿಂದೆ ನಿಂತು ಆ ವಿದೂಷಕನ ಮಾತನ್ನು ಆಡುವವರು ಇದ್ದಾರೆ.

ಚಿತ್ರದ ಕುದುರೆಯನ್ನು ಕಂಡಾಗ ಮನಸ್ಸಿನಲ್ಲಿ ಏನಾಗುತ್ತದೆಂಬುದನ್ನು ಮೊದಲು ಶೋಧಿಸಿದವನು ಕಾಶ್ಮೀರದ ಶ್ರೀಶಂಕುಕ. ಅವನ ಗ್ರಂಥ ಉಳಿದಿಲ್ಲ. ಅಭಿನವಗುಪ್ತನೂ ಮಮ್ಮಟನೂ ಅವನ ಮತವನ್ನು ಅನುವಾದ ಮಾಡಿರುವುದರಿಂದ ನಮಗೆ ತಿಳಿದಿದೆ. ಗೋಡೆಯ ಮೇಲೆ ಬರೆದ ಕುದುರೆಯನ್ನು ನೋಡಿ 'ಇದು ಕುದುರೆ' ಎನ್ನುತ್ತೇವಷ್ಟೆ. ಈ ಜ್ಞಾನ ನಿಶ್ಚಯವಾದ ಸಮ್ಯಗ್‌ಜ್ಞಾನವೂ ಅಲ್ಲ, ಹಗ್ಗವನ್ನು ಹಾವೆಂದ ಮಿಥ್ಯಾಜ್ಞಾನವೂ ಅಲ್ಲ, ಕುದುರೆಯೋ ಅಲ್ಲವೋ ಎಂಬ ಸಂಶಯವೂ ಅಲ್ಲ, ಕುದುರೆಯಂತಿದೆ ಎಂಬ ಸಾದೃಶ್ಯಬುದ್ಧಿಯೂ ಅಲ್ಲ. ಇವು ನಾಲ್ಕರಿಂದಲೂ ಬೇರೆಯಾದ ಐದನೆಯದು. ನಟನನ್ನು 'ಇವನು ರಾಮ' ಎಂದು ತಿಳಿಯುವುದು ಈ ಚಿತ್ರತುರಗನ್ಯಾಯದಿಂದ ಎಂಬುದು ಅವನ ಸಿದ್ಧಾಂತ. ಅಭಿನವಗುಪ್ತನ ಗುರು ಭಟ್ಟತೌತನು ಈ ಅನುಕರಣವಾದವನ್ನು ಖಂಡಿಸಿದನು: ನಟನು ರಾಮನ ಕಿರೀಟವನ್ನು ಅನುಕರಿಸಬಹುದು, ರಾಮನ ಶೋಕವನ್ನು ಅನುಕರಿಸುವುದೆಂತು? ರಾಮನನ್ನು ಕಂಡವರಾರು? ಖಂಡನೆ ಬಲವಾದದ್ದೇ. ಆದರೂ ಆ ಐದನೆಯ ಜ್ಞಾನದ ವಿಚಾರ ಮಾತ್ರ, ಸಾವಿರ ವರ್ಷ ಕಳೆದು ಚಿತ್ರಗಳು ಓಡಲು ಕಲಿತ ಮೇಲೆ, ಮೊದಲಿಗಿಂತಲೂ ಹೆಚ್ಚು ಪ್ರಯೋಜನಕ್ಕೆ ಬಂದಿದೆ.

ವಿನೋದವೆಂದರೆ, ಚಲಚ್ಚಿತ್ರದ ಚರಿತ್ರೆಯೂ ಒಂದು ಕುದುರೆಯಿಂದಲೇ ಆರಂಭವಾಗುತ್ತದೆ. ಕ್ಯಾಲಿಫೋರ್ನಿಯದ ಗವರ್ನರಾಗಿದ್ದ ಲೀಲಂಡ್ ಸ್ಟ್ಯಾನ್‌ಫರ್ಡನ ಕುದುರೆಲಾಯಕ್ಕೆ ಸೇರಿದ ಓಟದ ಹಾದಿಯಲ್ಲಿ, 1878ರ ಜೂನ್ ತಿಂಗಳಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನು ಹನ್ನೆರಡು ಕ್ಯಾಮೆರಗಳನ್ನು ಸಾಲಾಗಿ ನಿಲ್ಲಿಸಿ, ಓಡುವ ಕುದುರೆಯ ಕಾಲಿಗೆ ತಗಲಿ ತಾವೇ ಕೆಲಸ ಮಾಡುವಂತೆ ದಾರಗಳನ್ನು ಕಟ್ಟಿದನು. ನಾಗಾಲೋಟದಲ್ಲಿ ಕುದುರೆಯ ನಾಲ್ಕು ಕಾಲುಗಳೂ ಒಂದು ಕ್ಷಣ ನೆಲವನ್ನು ಬಿಡುವುವೆ ಎಂಬುದು ವಾದದ ವಿಷಯ. ಬಿಡುವುವೆಂದು ಸಿದ್ಧವಾಯಿತು, ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಕಾಲುಗಳು ಹಿಂದಕ್ಕೂ ಮುಂದಕ್ಕೂ ಚಾಚಿಕೊಂಡಿರುವಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಿಸಿಕೊಂಡಿರುವಾಗ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಜೆರಿಕೋ 1821ರಲ್ಲಿ ಬರೆದ ಎಪ್ಸಮ್ ಪಂದ್ಯದ ಚಿತ್ರವೊಂದುಂಟು. ಅಲ್ಲಿಯ ಕುದುರೆಗಳೆಲ್ಲ ಚಾಚಿದ ಕಾಲುಗಳಿಂದ ಹಾರುತ್ತಿವೆ. ಛಾಯಾಚಿತ್ರದ ಸಾಕ್ಷ್ಯದ ಪ್ರಕಾರ ಅವು ಸುಳ್ಳು ಕುದುರೆಗಳು. ಶಿಲ್ಪಿ ರೋದಾನನು 1911ರಲ್ಲಿ ಪ್ರಕಟವಾದ ತನ್ನ ಸಂಭಾಷಣೆಗಳಲ್ಲಿ ಜೆರಿಕೋವಿನ ಪಕ್ಷವನ್ನೇ ಹಿಡಿದನು: ಜಗತ್ತಿನಲ್ಲಿ ಕಾಲ ನಿಲ್ಲುವುದಿಲ್ಲ, ಛಾಯಾಚಿತ್ರದಲ್ಲಿ ನಿಲ್ಲುತ್ತದೆ, ಆದಕಾರಣ ನಿಂತ ಕುದುರೆಯೇ ಸುಳ್ಳು, ಓಡುವಂತೆ ಕಾಣುವ ಕುದುರೆಯೇ ನಿಜವೆಂದು ಅವನ ಅಭಿಪ್ರಾಯ.

ಇದಕ್ಕಿಂತಲೂ ಸ್ವಾರಸ್ಯವಾದದ್ದು ಮುಂದೆ ನಡೆಯಿತು. ಮೈಬ್ರಿಜನು 1879ರಲ್ಲಿ ತನ್ನ ಕುದುರೆಯನ್ನು ತೆರೆಯ ಮೇಲೆ ಓಡಿಸುವ ಒಂದು ಯಂತ್ರವನ್ನು ರಚಿಸಿದನು. ಅದರ ಗಾಜಿನ ಚಕ್ರಗಳ ಮೇಲೆ ಇದ್ದವು ಛಾಯಾಚಿತ್ರಗಳಲ್ಲ. ಛಾಯಾಚಿತ್ರಗಳನ್ನು ನೋಡಿ ಕೈಯಿಂದ ಬರೆದ ಚಿತ್ರಗಳು. ಯಂತ್ರದ ಮೂಲಕ ಹಾಯ್ದಾಗ ಆಕೃತಿಗಳು ಕುಗ್ಗಿ ಕಾಣುತ್ತಿದ್ದುದರಿಂದ, ಕುದುರೆಯನ್ನು ಬೇಕೆಂದೇ ಉದ್ದವಾಗಿ ಎಳೆದು ಬರೆಯಬೇಕಾಯಿತು. ನಿಜದ ಕುದುರೆ ನಿಜವಾಗಿ ಕಾಣಬೇಕಾದರೆ ಸುಳ್ಳಾಗಿ ಬರೆಯಬೇಕು! ಇಂದಿನ ಆನಿಮೇಷನ್ ಎಂಬ ವಿದ್ಯೆಯ ಅರ್ಧ ರಹಸ್ಯ ಆ ಗಾಜಿನ ಚಕ್ರದಲ್ಲಿಯೇ ಇತ್ತೆನ್ನಬಹುದು.

ಆದರೆ ಚಲಚ್ಚಿತ್ರಕ್ಕೆ ಚಿತ್ರತುರಗ ಸಾಲದೆ ಹೋಯಿತು. ಅದು ನಿಜವಾದ ತುರಗವನ್ನು ಕೇಳಿತು. ಇಲ್ಲಿಂದ ಕಥೆ ದುಃಖಕರವಾಗುತ್ತದೆ. 1936ರಲ್ಲಿ ಹಾಲಿವುಡ್ಡಿನಲ್ಲಿ, ಕ್ರಿಮಿಯ ಯುದ್ಧದ ಪ್ರಸಿದ್ಧವಾದ ಅಶ್ವದಳದ ಆಕ್ರಮಣವನ್ನು ಕುರಿತು 'ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್' ಎಂಬ ಚಿತ್ರವನ್ನು ತೆಗೆದರು. ಗುಂಡು ತಗಲಿದ ಕುದುರೆ ಮುಗ್ಗರಿಸಿ ಉರುಳುವುದು ಸಹಜವಾಗಿ ಕಾಣಬೇಕಲ್ಲ! ಅದಕ್ಕೆ ಒಂದು ಉಪಾಯವಿತ್ತು: ಕುದುರೆಯ ಮುಂಗಾಲುಗಳಿಗೆ ತಂತಿಗಳನ್ನು ಕಟ್ಟಿ, ಇನ್ನೊಂದು ಕೊನೆಯನ್ನು ನೆಲದಲ್ಲಿ ಹೂತ ಗೂಟಕ್ಕೆ ಬಿಗಿದು, ಪೂರ್ಣವೇಗದಲ್ಲಿ ಓಡಿಸುವುದು. ತಂತಿ ಮುಗಿದಲ್ಲಿ ಕುದುರೆ ತಲೆಕೆಳಗಾಗಿ ಬೀಳುತ್ತಿತ್ತು. ಅನೇಕ ಕುದುರೆಗಳು ಬಿದ್ದಲ್ಲಿಯೇ ಸತ್ತವು. ಕಾಲು ಮುರಿದವನ್ನು ಕೊಲ್ಲಬೇಕಾಯಿತು. 1939ರ 'ಜೆಸ್ಸಿ ಜೇಮ್ಸ್' ಎಂಬ ಚಿತ್ರಕ್ಕಾಗಿ ಎತ್ತರವಾದ ಕಡಿದಾದ ದಡದಿಂದ ಕುದುರೆಯನ್ನು ನೀರಿಗೆ ಬೀಳಿಸಿದರು, ಅದೂ ಸತ್ತಿತು. ಜನರ ಕೋಪ ಏರಿ, 1940ರಿಂದ ಅಮೆರಿಕನ್ ಹ್ಯೂಮೇನ್ ಅಸೋಸಿಯೇಷನ್ನಿನವರು ಚಿತ್ರೀಕರಣದಲ್ಲಿ ಮೃಗಗಳ ರಕ್ಷಣೆಯನ್ನು ನೋಡಿಕೊಳ್ಳಲು ತೊಡಗಿದರು. ನಮ್ಮ ದೇಶದಲ್ಲಿಯೂ 2001ರ ನಿಯಮಗಳ ಮೇರೆಗೆ ಮೃಗಗಳನ್ನು ಬಳಸುವ ಚಿತ್ರಗಳಿಗೆ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಬೇಕಾಗಿದೆ.

ಆ ಹಳೆಯ ಚಿತ್ರವನ್ನು ಈಗ ನೋಡುವವನ ಅವಸ್ಥೆಯೇನು? ಕುದುರೆ ಉರುಳಿದಾಗ ಅವನ ಎದೆ ಜಗ್ಗೆನ್ನುತ್ತದೆ ನಿಜ. ಆದರೆ ಅದು ವೀರರಸವಲ್ಲ, ಕರುಣವೂ ಅಲ್ಲ. ಕಸಾಯಿಖಾನೆಯ ಬಾಗಿಲಲ್ಲಿ ಹಾಯ್ದುಹೋದವನ ಹೇಸಿಕೆ. ಶಂಕುಕನು ಹೇಳಿದ ಐದನೆಯ ಜ್ಞಾನ ಅಲ್ಲಿ ಮುರಿದುಬೀಳುತ್ತದೆ. ಅದು ಸಮ್ಯಗ್‌ಜ್ಞಾನವೇ ಆಗಿಬಿಡುತ್ತದೆ: ಈ ಕುದುರೆ ನಿಜವಾಗಿ ಸಾಯುತ್ತಿದೆ. ಯುದ್ಧವನ್ನೂ ಮರಣವನ್ನೂ ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಕೂಡದೆಂದು ನಾಟ್ಯಶಾಸ್ತ್ರ ವಿಧಿಸಿರುವುದನ್ನು ಕೇವಲ ಮಡಿವಂತಿಕೆಯೆಂದು ಹಾಸ್ಯಮಾಡುವವರು ಈ ಎರಡು ಚಿತ್ರಗಳನ್ನು ಒಮ್ಮೆ ಆಲೋಚಿಸಬೇಕು. ಲೋಕಧರ್ಮಿ, ನಾಟ್ಯಧರ್ಮಿ ಎಂದು ಭರತನು ಎರಡು ದಾರಿಗಳನ್ನು ಹೇಳಿ ಎರಡಕ್ಕೂ ಎಡೆಗೊಟ್ಟನು. ಶಾಕುಂತಲದ ಆರಂಭದಲ್ಲಿ ರಥವೂ ಇಲ್ಲ, ಕುದುರೆಯೂ ಇಲ್ಲ. ನಟನು ರಥದ ವೇಗವನ್ನು ಅಭಿನಯಿಸುತ್ತಾನೆ, ಕವಿಯು ಕತ್ತನ್ನು ಹಿಂದಕ್ಕೆ ಹೊರಳಿಸಿ ನೋಡುತ್ತ ಅರ್ಧ ಮೆದ್ದ ದರ್ಭೆಯನ್ನು ಬಾಯಿಂದ ಚೆಲ್ಲುತ್ತ ಓಡುವ ಜಿಂಕೆಯನ್ನು ವರ್ಣಿಸುತ್ತಾನೆ. ಆ ಜಿಂಕೆಗೆ ಯಾವ ತಂತಿಯನ್ನೂ ಕಟ್ಟಿರಲಿಲ್ಲ.

ಇತ್ತೀಚೆಗೆ ಆ ನಾಟ್ಯಧರ್ಮಿ ಇಂಗ್ಲೆಂಡಿನಲ್ಲಿ ಬೇರೊಂದು ರೂಪದಿಂದ ಕಾಣಿಸಿಕೊಂಡಿತು. ಮೊದಲನೆಯ ಮಹಾಯುದ್ಧಕ್ಕೆ ಒಯ್ದ ಕುದುರೆಯೊಂದರ ಕಥೆ 'ವಾರ್ ಹಾರ್ಸ್'; ಅದನ್ನು 2007ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಆಡಿದರು. ದಕ್ಷಿಣ ಆಫ್ರಿಕದ ಹ್ಯಾಂಡ್‌ಸ್ಪ್ರಿಂಗ್ ಎಂಬ ಗೊಂಬೆಯಾಟದ ಮಂಡಲಿಯವರು ಬೆತ್ತವನ್ನು ಬಗ್ಗಿಸಿ ಆಳೆತ್ತರಕ್ಕೂ ಮೀರಿದ ಕುದುರೆಯನ್ನು ಕಟ್ಟಿದರು. ಅದನ್ನು ಆಡಿಸುವ ಮೂವರೂ ಪ್ರೇಕ್ಷಕರ ಕಣ್ಣಿಗೆ ಕಾಣುತ್ತಲೇ ಇರುತ್ತಾರೆ: ಒಬ್ಬನು ತಲೆಯ ಬಳಿ, ಇಬ್ಬರು ಹೊಟ್ಟೆಯೊಳಗೆ. ಕುದುರೆ ಸುಮ್ಮನೆ ನಿಂತಿರುವಾಗಲೂ ಅವರು ಅದನ್ನು ಉಸಿರಾಡಿಸುತ್ತಾರೆ. ಕಿವಿ ಶಬ್ದದ ಕಡೆಗೆ ಹೊರಳುತ್ತದೆ. ಸಭಿಕರು ಕಣ್ಣೀರು ಸುರಿಸಿದರು. ಅಜ್ಜಿಯ ಊರಿನ ಕೀಲುಕುದುರೆಗೂ ಇದಕ್ಕೂ ದೂರದ ಬಾಂಧವ್ಯವಾದರೂ ಉಂಟೆಂದು ಯಾರಾದರೂ ಹೇಳಿದರೆ ಅಲ್ಲಗಳೆಯುವುದು ಕಷ್ಟ. ಅದೇ ಕಥೆಯನ್ನು ಸ್ಪೀಲ್‌ಬರ್ಗನು 2011ರಲ್ಲಿ ನಿಜವಾದ ಕುದುರೆಗಳಿಂದ ಚಲಚ್ಚಿತ್ರ ಮಾಡಿದಾಗ, ಮುಳ್ಳುತಂತಿಯಲ್ಲಿ ಕುದುರೆ ಸಿಕ್ಕಿಬೀಳುವ ಘೋರದೃಶ್ಯಕ್ಕೆ ಬಂದು ಕೃತಕ ಕುದುರೆಯ ಮೊರೆಹೋಗಬೇಕಾಯಿತು.

ಬರೆದ ಚಿತ್ರಗಳ ಲೋಕದಲ್ಲಿಯೂ ಈ ತೊಡಕು ತಪ್ಪಲಿಲ್ಲ. ನಿಜವಾದ ಮನುಷ್ಯನನ್ನು ಚಿತ್ರೀಕರಿಸಿ ಅದರ ಮೇಲೆ ಗೆರೆ ತಿದ್ದುವ ಯಂತ್ರಕ್ಕೆ ಮ್ಯಾಕ್ಸ್ ಫ್ಲೈಷರನು 1917ರಲ್ಲಿ ಹಕ್ಕುಪತ್ರ ಪಡೆದನು. ಡಿಸ್ನಿಯವರ 1937ರ 'ಸ್ನೋ ವೈಟ್' ಚಿತ್ರದಲ್ಲಿ ನಾಯಿಕೆಯನ್ನು ಬರೆಯಲು ಒಬ್ಬ ನರ್ತಕಿಯನ್ನು ಕುಣಿಸಿ ತೆಗೆದ ಚಿತ್ರವನ್ನು ಮಾದರಿಯಾಗಿ ಇಟ್ಟುಕೊಂಡಿದ್ದರು. ಏಳು ಮಂದಿ ಕುಳ್ಳರನ್ನಾದರೋ ಬಹುಮಟ್ಟಿಗೆ ಕಲ್ಪನೆಯಿಂದ ಬರೆದರು. ನೋಡಿದವರಿಗೆ ನೆನಪಿನಲ್ಲಿ ಉಳಿಯುವವರು ಕುಳ್ಳರು. ರಾಜಕುಮಾರನ ಮುಖ ಯಾರಿಗೆ ನೆನಪಿದೆ? 1942ರ 'ಬ್ಯಾಂಬಿ'ಗಾಗಿ ಎರಡು ಜಿಂಕೆಮರಿಗಳನ್ನೇ ಚಿತ್ರಶಾಲೆಗೆ ತರಿಸಿ ಸಾಕಿ, ಅವುಗಳ ಎಲುಬು ಸ್ನಾಯುಗಳನ್ನು ಅಭ್ಯಾಸ ಮಾಡಿದರು. ಕಾಲು ಜಾರುವುದು, ಕಿವಿ ಅದಿರುವುದು ಎಲ್ಲವೂ ಜಿಂಕೆಯದೇ. ಆದರೆ ಕಣ್ಣುಗಳನ್ನು ಹಿಗ್ಗಿಸಿದರು, ಮುಖಕ್ಕೆ ಮಗುವಿನ ಭಾವ ತಂದರು. ಕಾಡನ್ನಂತೂ ಟೈರಸ್ ವಾಂಗ್ ಎಂಬ ಚೀಣೀ ಮೂಲದ ಕಲಾವಿದನು ಪ್ರಾಚೀನ ಚೀಣದ ಚಿತ್ರಗಳ ರೀತಿಯಲ್ಲಿ ಮಂಜಿನಂತೆ ಸೂಚಿಸಿಬಿಟ್ಟನು. ತಾಯಿಜಿಂಕೆ ಸಾಯುವುದನ್ನು ತೋರಿಸುವುದೇ ಇಲ್ಲ. ಗುಂಡಿನ ಶಬ್ದ ಕೇಳುತ್ತದೆ, ಹಿಮ ಬೀಳುತ್ತದೆ, ಮರಿ ತಾಯಿಯನ್ನು ಕರೆಯುತ್ತದೆ. ಭರತಮುನಿಯನ್ನು ಓದದೆಯೇ ಅವರು ಅವನ ವಿಧಿಯನ್ನು ಪಾಲಿಸಿದರೆಂಬುದು ಸಂತೋಷದ ವಿಷಯ. ಅದೇ ಸಂಸ್ಥೆಯವರು 1994ರಲ್ಲಿ ಬರೆದು ತೋರಿಸಿದ 'ಲಯನ್ ಕಿಂಗ್' ಕಥೆಯನ್ನು 2019ರಲ್ಲಿ ಕಂಪ್ಯೂಟರಿನಿಂದ ಮತ್ತೆ ಕಟ್ಟಿದರು. ಈ ಸಿಂಹಗಳ ಒಂದೊಂದು ರೋಮವೂ ಸಿಂಹದ್ದೇ. ಆದರೆ ತಂದೆ ಸತ್ತು ಬಿದ್ದಾಗ ಮರಿಯ ಮುಖ ಸಿಂಹದ ಮರಿಯ ಮುಖವಾಗಿಯೇ ಉಳಿಯುತ್ತದೆ. ಹಳೆಯ ಚಿತ್ರದಲ್ಲಿ ಎರಡು ಗೆರೆಯ ಹುಬ್ಬುಗಳು ಹೇಳಿದ್ದನ್ನು ಅದು ಹೇಳಲಾರದು. ಸಾತ್ತ್ವಿಕಭಾವಕ್ಕೆ ಎಡೆಯಿಲ್ಲದಷ್ಟು ಸಾದೃಶ್ಯ ಅಲ್ಲಿ ತುಂಬಿಹೋಗಿದೆ.

ಸಾದೃಶ್ಯ ಅತಿಯಾದಲ್ಲಿ ಹುಟ್ಟುವ ಈ ಅಳುಕನ್ನು ಜಪಾನಿನ ಮಸಾಹಿರೋ ಮೋರಿ ಎಂಬ ಯಂತ್ರಶಾಸ್ತ್ರಜ್ಞರು 1970ರಲ್ಲಿ ಒಂದು ಕಣಿವೆಗೆ ಹೋಲಿಸಿದರು: ಯಂತ್ರದ ಗೊಂಬೆ ಮನುಷ್ಯನನ್ನು ಹೋಲುತ್ತ ಹೋದಂತೆ ಪ್ರೀತಿ ಏರುತ್ತದೆ, ಬಹಳ ಹತ್ತಿರ ಬಂದು ಇನ್ನೂ ಸ್ವಲ್ಪ ಉಳಿದಿರುವಾಗ, ಒಮ್ಮೆಗೇ ಹೆಣವನ್ನು ಕಂಡಂತೆ ಮನಸ್ಸು ಹಿಂಜರಿಯುತ್ತದೆ. 2004ರ 'ಪೋಲಾರ್ ಎಕ್ಸ್‌ಪ್ರೆಸ್' ಚಿತ್ರದ ಮಕ್ಕಳ ಕಣ್ಣುಗಳನ್ನು ಕಂಡು ಅನೇಕರು ಹೀಗೆಯೇ ಹಿಂಜರಿದರು. ಶಂಕುಕನ ಪರಿಭಾಷೆಯಲ್ಲಿ ಇದರ ಕಾರಣ ಸುಲಭ. ಚಿತ್ರವು ಚಿತ್ರವಾಗಿ ಇರುವವರೆಗೆ ಮನಸ್ಸು ನಿಜವೋ ಸುಳ್ಳೋ ಎಂದು ಕೇಳುವುದಿಲ್ಲ. ತಾನು ಚಿತ್ರವಲ್ಲವೆಂದು ಅದು ಸಾಧಿಸಹೊರಟ ಕೂಡಲೇ ನ್ಯಾಯಾಧಿಪತಿಯಾಗಿ ಕುಳಿತುಕೊಳ್ಳುತ್ತದೆ.

ಇನ್ನು ಆಟಗಳು. ಇಲ್ಲಿ ನಮ್ಮ ಆಲಂಕಾರಿಕರು ಕಾಣದಿದ್ದ ಸಂಗತಿಯೊಂದಿದೆ: ನೋಡುವವನ ಕೈಯೂ ಕಥೆಯೊಳಗೆ ಸೇರಿದೆ. 2018ರಲ್ಲಿ ಹೊರಬಂದ 'ರೆಡ್ ಡೆಡ್ ರಿಡೆಂಪ್ಷನ್ 2' ಎಂಬ ಆಟದಲ್ಲಿ ಕುದುರೆಗೆ ಕೆಸರು ಮೆತ್ತುತ್ತದೆ, ಅದನ್ನು ಉಜ್ಜಿ ತೊಳೆಯಬೇಕು. ಹಾವನ್ನು ಕಂಡು ಬೆದರುತ್ತದೆ. ಸತ್ತರೆ ಮತ್ತೆ ಬರುವುದಿಲ್ಲ. ಇಲ್ಲಿ ಹೆಸರಿಸುವುದು ಉಚಿತವಲ್ಲದ ಒಂದು ಅವಯವವು ಚಳಿಯಲ್ಲಿ ಕುಗ್ಗುವುದನ್ನು ಕೂಡ ಅದನ್ನು ರಚಿಸಿದವರು ಮರೆತಿಲ್ಲ. ಪರಿಶ್ರಮವನ್ನು ಮೆಚ್ಚಬೇಕಾದದ್ದೇ, ಔಚಿತ್ಯದ ವಿಚಾರಕ್ಕೆ ಕ್ಷೇಮೇಂದ್ರನೇ ಬರಬೇಕು.

ಹುಡುಗನು ಅತ್ತ ಅಗ್ರೋ ಇದಕ್ಕಿಂತ ಹಿಂದಿನದು. ಜಪಾನಿನ ಫುಮಿತೊ ಊಏದ ಎಂಬವರ ನೇತೃತ್ವದಲ್ಲಿ ರಚಿತವಾಗಿ 2005ರಲ್ಲಿ ಹೊರಬಂದ 'ಶ್ಯಾಡೋ ಆಫ್ ದಿ ಕೊಲೊಸಸ್' ಎಂಬ ಆಟದ ಕುದುರೆ ಅದು. 2018ರಲ್ಲಿ ಅದೇ ಆಟವನ್ನು ಹೊಸ ಯಂತ್ರಕ್ಕಾಗಿ ಮತ್ತೆ ಸಿದ್ಧಪಡಿಸಿದಾಗ ಕುದುರೆಗೆ ಹೊಸ ಚರ್ಮ, ಹೊಸ ರೋಮ ಬಂದವು. ತಂದೆ ಹೇಳಿದ್ದು ಅದನ್ನೇ. ಹಳೆಯದರಲ್ಲಿ ಮೈ ಒರಟು, ಬಣ್ಣ ಮಂಕು. ಆದರೆ ಒಂದು ವಿಷಯದಲ್ಲಿ ಮಾತ್ರ ರಚನಾಕಾರರು ಸಾದೃಶ್ಯವನ್ನು ಬಿಟ್ಟುಕೊಡಲಿಲ್ಲ. ನಿಜವಾದ ಕುದುರೆ ಸವಾರನ ಮಾತನ್ನು ಎಲ್ಲ ವೇಳೆಯಲ್ಲಿಯೂ ಕೇಳುವುದಿಲ್ಲ. ಆದುದರಿಂದ ಅಗ್ರೋವೂ ಗುಂಡಿ ಒತ್ತಿದ ಕೂಡಲೇ ಕೇಳದಂತೆ ಮಾಡಿದರು. ಹಿಮ್ಮಡಿಯಿಂದ ತಿವಿದರೆ ತಡೆದು ಹೊರಡುತ್ತದೆ. ಕಂದರದ ಅಂಚಿಗೆ ಬಂದರೆ ತಾನೇ ನಿಲ್ಲುತ್ತದೆ. ಸವಾರನು ಇಳಿದರೆ ಅತ್ತಿತ್ತ ಅಡ್ಡಾಡುತ್ತದೆ, ಕೂಗಿದರೆ ಬರುತ್ತದೆ. ಆ ವಿಶಾಲವಾದ ನಿರ್ಜನ ದೇಶದಲ್ಲಿ ಹದಿನಾರು ಮಂದಿ ಬೆಟ್ಟದಂಥ ದೈತ್ಯರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಕೊಲ್ಲಲು ಹೊರಟ ತರುಣನಿಗೆ ಅದರ ಹೊರತು ಬೇರೆ ಜೊತೆಯಿಲ್ಲ. ಅಷ್ಟು ದಿನ ಹುಡುಗನು ಅದರ ಮೊಂಡತನಕ್ಕೆ ಬೈದಿದ್ದಾನೆ, "ಬಾರೋ, ಅಲ್ಲೇನು ನೋಡ್ತೀಯ" ಎಂದು ರೇಗಿದ್ದಾನೆ. ಹದಿನಾರನೆಯ ದೈತ್ಯನ ಬಳಿಗೆ ಹೋಗುವ ದಾರಿಯಲ್ಲಿದೆ ಆ ಸೇತುವೆ.

ಹುಡುಗನ ಅಳು ಶೋಕವೋ ಕರುಣರಸವೋ ಎಂಬುದು ಇಲ್ಲಿಯ ಕ್ಲೇಶ. ರಸದಲ್ಲಿ 'ಇದು ನನ್ನದು' ಎಂಬ ಭಾವ ಕರಗಬೇಕೆಂದು ಅಭಿನವಗುಪ್ತನ ಮತ. ಆದರೆ ಆ ಕುದುರೆಯನ್ನು ಸೇತುವೆಯ ಮೇಲೆ ಓಡಿಸಿದ್ದು ಹುಡುಗನ ಬೆರಳುಗಳೇ. ಬಿದ್ದದ್ದು ಅವನ ಕುದುರೆಯೇ. ಹಾಗೆ ನೋಡಿದರೆ ಇದು ಲೌಕಿಕವಾದ ಶೋಕ. ಇನ್ನೊಂದು ರೀತಿಯಲ್ಲಿ ನೋಡಿದರೆ, ಸವಾರನನ್ನು ದಡಕ್ಕೆ ಎಸೆದ ಆ ಕೊನೆಯ ಚೇಷ್ಟೆ ಯಾವ ಗುಂಡಿಯನ್ನು ಒತ್ತಿದ್ದರಿಂದಲೂ ಆದದ್ದಲ್ಲ. ಅಷ್ಟು ಹೊತ್ತು ಅರ್ಧ ಕೇಳಿ ಅರ್ಧ ಕೇಳದೆ ಇದ್ದ ಪ್ರಾಣಿ, ಕೊನೆಗೆ ಯಾರೂ ಹೇಳದೆ ಒಂದು ಕೆಲಸ ಮಾಡಿತು. ಮೊದಲಿಂದಲೂ ಅದು ವಿಧೇಯವಾದ ಯಂತ್ರವಾಗಿದ್ದರೆ ಆ ಕೆಲಸಕ್ಕೆ ಏನೂ ಅರ್ಥವಿರುತ್ತಿರಲಿಲ್ಲ. ಆಗ ರೋಮಗಳನ್ನು ಎಣಿಸುವಂತಿದ್ದರೂ ಹುಡುಗನು ಅಳುತ್ತಿರಲಿಲ್ಲ. ಅವನು ಅತ್ತದ್ದು ತನ್ನ ಕುದುರೆ ಹೋಯಿತೆಂದಲ್ಲ. ಕುದುರೆಗೆ ತನ್ನದೇ ಆದ ಮನಸ್ಸಿತ್ತೆಂದು ತಿಳಿದ ಕ್ಷಣದಲ್ಲಿಯೇ ಅದು ಹೋಯಿತೆಂದು. ಇದಕ್ಕೆ ಯಾವ ಹೆಸರು ಒಪ್ಪುವುದೋ ವಿದ್ವಾಂಸರು ವಿಚಾರಿಸಲಿ.

ಆ ರಾತ್ರಿ ಊಟದ ಹೊತ್ತಿನಲ್ಲಿ ಕುದುರೆಯ ಮಾತು ಬರಲಿಲ್ಲ. ತಂದೆ ಮಾತ್ರ ಒಂದು ಸಲ, "ಆ ಕೀಲುಕುದುರೆಗೆ ಕೆಂಪು ಲಗಾಮಿತ್ತು, ಅಲ್ಲವೇನಮ್ಮ?" ಎಂದು ಕೇಳಿದರು. "ಇತ್ತು," ಎಂದರು ಅಜ್ಜಿ.

ಎರಡು ದಿನ ಹುಡುಗನು ಆಟವನ್ನು ಮುಟ್ಟಲಿಲ್ಲ. ಮೂರನೆಯ ದಿನ ಸಂಜೆ ಕುಳಿತು ಕುದುರೆಯಿಲ್ಲದೆಯೇ ಹದಿನಾರನೆಯ ದೈತ್ಯನನ್ನು ಎದುರಿಸಿದನು. ಅಜ್ಜಿ ದೇವರ ಮನೆಯಲ್ಲಿ ದೀಪದ ಬತ್ತಿಯನ್ನು ಸರಿಮಾಡುತ್ತಿದ್ದರು. ಒಳಗಿನಿಂದ ಅವನು ಓಡಿಬರುವ ಸದ್ದು ಕೇಳಿಸಿತು.

"ಅಜ್ಜೀ, ಅಗ್ರೋ ಬಂತು! ಸತ್ತಿಲ್ಲ! ಹಿಂಗಾಲು ನೋವಾಗಿದೆ, ಕುಂಟ್ತಾ ಕುಂಟ್ತಾ ಬಂತು!"

ಅಜ್ಜಿ ಬತ್ತಿಯನ್ನು ಬಿಟ್ಟು, ಎಣ್ಣೆಯ ಕೈಯನ್ನು ಸೆರಗಿಗೆ ಒರಸಿಕೊಳ್ಳುತ್ತ ಅವನ ಹಿಂದೆಯೇ ನಡುಮನೆಗೆ ಬಂದರು.